ಕನ್ನಡ ಬ್ರೈಲ್ ಕೀಬೋರ್ಡ್‌ನಲ್ಲಿ %, /, @ ಬರೆಯುವುದು ಹೇಗೆ?

ಮೂಡಿಗೆರೆ ಗುಮಾಸ್ತ:
ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆಯಲ್ಲಿ ಕಾಫಿ ಖರೀದಿ ಮಾಡುವ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತೇನೆ. ಕಣ್ಣು ಪೂರ್ತಿ ಕಾಣುವುದಿಲ್ಲ. ಬೆಳಿಗ್ಗೆ ಬೆಳೆಗಾರರ ವಾಟ್ಸ್‌ಆಪ್ ಗುಂಪಿಗೆ ದರ ಹಾಕುವುದು ನನ್ನ ಪಾಲಿನ ಕೆಲಸ. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಎಲ್ಲವೂ 50 ಕೆ.ಜಿ. ಮೂಟೆಯ ಲೆಕ್ಕ; ಜೊತೆಗೆ ಔಟ್‌ಟರ್ನ್ (ಹೊಟ್ಟು ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ), ತೇವಾಂಶ. ಶೇಕಡಾ ಚಿಹ್ನೆ, ಓರೆಗೆರೆ ಇಲ್ಲದೆ ಒಂದು ಸಾಲೂ ಮುಗಿಯುವುದಿಲ್ಲ. ಬಾಯಲ್ಲಿ ಹೇಳಿ ಬರೆಸೋಣವೆಂದರೆ ಪಕ್ಕದಲ್ಲೇ ಕಾಫಿ ಸಿಪ್ಪೆ ಸುಲಿಯುವ ಯಂತ್ರ, ಹಲ್ಲರ್, ಓಡುತ್ತಿರುತ್ತದೆ. ನಾನು "ಚೆರಿ" ಎಂದರೆ ಫೋನು "ಸರಿ" ಎಂದು ಬರೆಯುತ್ತದೆ. ಏನು ಸರಿ ಎಂದು ಬೆಳೆಗಾರರು ಕರೆ ಮಾಡಿ ಕೇಳುತ್ತಾರೆ.

ಆಂಡ್ರಾಯ್ಡ್ ಫೋನಿನಲ್ಲಿ ತೆರೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನ ಬ್ರೈಲ್ ಕೀಬೋರ್ಡ್ ಬಳಸುತ್ತೇನೆ. ಕನ್ನಡ ಅಕ್ಷರಗಳು ಸಲೀಸು. ಆದರೆ @ ಬೇಕೆಂದು ಬ್ರೈಲ್‌ನ ಆರು ಚುಕ್ಕಿಗಳಲ್ಲಿ ಚುಕ್ಕಿ 4, ಆಮೇಲೆ ಚುಕ್ಕಿ 1 ಒತ್ತಿದರೆ ಅದು ಬರುವುದಿಲ್ಲ. % ಒತ್ತಲು ಹೊರಟರೆ ಮೊದಲಿಗೇ ಖ ಬಂದು ಕೂರುತ್ತದೆ. ದಾರಿ ಗೊತ್ತಿದ್ದವರು ತಿಳಿಸಿ.

ಹಾಸನದ ಮೇಷ್ಟ್ರು:
ನಿಮ್ಮ ಫೋನು ಸರಿಯಾಗಿಯೇ ಇದೆ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಚುಕ್ಕಿ 4 ಎಂದರೆ ಹಲಂತ, 4-6 (ಎರಡೂ ಒಟ್ಟಿಗೆ) ಎಂದರೆ ಖ. ನೀವು ಒತ್ತುತ್ತಿರುವುದು ಏಕೀಕೃತ ಇಂಗ್ಲಿಷ್ ಬ್ರೈಲ್‌ನ ಚಿಹ್ನೆ. ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನ ಬ್ರೈಲ್ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ಜೊತೆಗೆ ಇಂಗ್ಲಿಷನ್ನೂ ಸೇರಿಸಿ. ಚಿಹ್ನೆ ಬೇಕಾದಾಗ ಭಾಷೆ ಬದಲಿಸಿ ಒತ್ತಿ, ಮತ್ತೆ ಕನ್ನಡಕ್ಕೆ ಬನ್ನಿ. ಇಂಗ್ಲಿಷ್‌ನಲ್ಲಿ ಸಂಕ್ಷೇಪವಿಲ್ಲದ ಒಂದನೇ ದರ್ಜೆಯನ್ನೇ ಇಟ್ಟುಕೊಳ್ಳಿ. ಎರಡನೇ ದರ್ಜೆಯಲ್ಲಿ ಬಿಡಿಯಾಗಿ ಬಿ ಒತ್ತಿದರೆ "ಬಟ್" ಎಂಬ ಇಡೀ ಪದ ಬರುತ್ತದೆ, ಪಾಸ್‌ವರ್ಡ್ ಹಾಳು.

% ಗೆ 4-6, ಆಮೇಲೆ 3-5-6. ಓರೆಗೆರೆಗೆ 4-5-6, ಆಮೇಲೆ 3-4. ಕೂಡುವ ಚಿಹ್ನೆಗೆ 5, ಆಮೇಲೆ 2-3-5. ಅಡಿಗೆರೆಗೆ 4-6, ಆಮೇಲೆ 3-6. ಓರೆಗೆರೆ ಬಂದೊಡನೆ, ಮುಂದೆ ಬರುವುದು ಅಂಕಿ ಎಂದು ಹೇಳುವ ಗುರುತಿನ (3-4-5-6) ಅಧಿಕಾರ ಮುಗಿಯುತ್ತದೆ. 12/5 ಎಂದು ಬರೆಯುವಾಗ 5ಕ್ಕೆ ಮುಂಚೆ 3-4-5-6 ಅನ್ನು ಮತ್ತೊಮ್ಮೆ ಒತ್ತಬೇಕು, ಇಲ್ಲದಿದ್ದರೆ ಇಂಗ್ಲಿಷಿನ ಇ ಅಕ್ಷರ ಬರುತ್ತದೆ. ರೂಪಾಯಿ ಚಿಹ್ನೆಗೆ ತಲೆ ಕೆಡಿಸಿಕೊಳ್ಳಬೇಡಿ. "ರೂ." ಎಂದು ಬರೆದರೆ ದುಡ್ಡೇನೂ ಕಡಿಮೆಯಾಗುವುದಿಲ್ಲ.

ಸಕಲೇಶಪುರದವಳು:
ನನ್ನದು ಐಫೋನ್. ಅದರಲ್ಲಿ ತೆರೆಯ ಮೇಲಿನ ಬ್ರೈಲ್ 2014ರಿಂದಲೇ ಇದೆ. ಟಾಕ್‌ಬ್ಯಾಕ್‌ಗೆ ಬಂದದ್ದು 2020ರಲ್ಲಿ. ಚುಕ್ಕಿಗಳು ಮೇಷ್ಟ್ರು ಹೇಳಿದವೇ. ಭಾಷೆ ಬದಲಿಸುವುದು ಬೇಸರವಾದರೆ ಅಣ್ಣ, ದರದ ಸಾಲನ್ನು ಚಿಹ್ನೆಗಳ ಸಮೇತ ಒಮ್ಮೆ ಬರೆದು ಫೋನಿನ ಟಿಪ್ಪಣಿಯಲ್ಲಿ ಇಟ್ಟುಕೊಳ್ಳಿ. ದಿನವೂ ಅದನ್ನೇ ನಕಲು ಮಾಡಿ ಅಂಕಿ ಮಾತ್ರ ತಿದ್ದಿ. ದರ ಬದಲಾಗುತ್ತದೆ, ಶೇಕಡಾ ಚಿಹ್ನೆ ಬದಲಾಗುವುದಿಲ್ಲವಲ್ಲ!

ಮೂಡಿಗೆರೆ ಗುಮಾಸ್ತ:
ಮೇಷ್ಟ್ರೇ, ತೇವಾಂಶದ % ಮೊದಲ ಸಲಕ್ಕೇ ಬಂತು. ತಂಗಿ, ಟಿಪ್ಪಣಿಯ ಉಪಾಯ ಬಹಳ ಚೆನ್ನಾಗಿದೆ, ನಾಳೆಯಿಂದ ಅದೇ. ಇಂಗ್ಲಿಷ್‌ನಲ್ಲಿ ಇನ್ನೊಂದು ತಕರಾರು. ಅಂಗಡಿಯ ಇಮೇಲ್ ವಿಳಾಸದಲ್ಲಿ 24ರ ಬೆನ್ನಿಗೇ ಬಿ ಅಕ್ಷರವಿದೆ, @ ಅದರ ನಂತರ. ಬಿ ಒತ್ತಿದರೆ 242 ಆಗುತ್ತದೆ.

ಹಾಸನದ ಮೇಷ್ಟ್ರು:
ಅಂಕಿಯ ಬೆನ್ನಿಗೆ ಎ ಇಂದ ಜೆ ವರೆಗಿನ ಅಕ್ಷರ ಬಂದರೆ ನಡುವೆ 5-6 ಒತ್ತಬೇಕು. ಆ ಹತ್ತು ಅಕ್ಷರಗಳ ಚುಕ್ಕಿಗಳನ್ನೇ ಅಂಕಿಗಳೂ ಬಳಸುತ್ತವೆ. ಕೆ ಇಂದ ಮುಂದಿನವಕ್ಕೆ ಈ ರಗಳೆ ಇಲ್ಲ. 24 ಆದ ಮೇಲೆ 5-6, ಬಿ, ಆಮೇಲೆ 4, 1. ಕಳುಹಿಸುವ ಮುನ್ನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿಸಿ ಕೇಳಿ, ಹಲ್ಲರ್ ನಿಂತಾಗ.