ಸಿಂಕ್ ಸೌಂಡ್, ಒಂದೇ ಕ್ಯಾಮೆರಾ: ನಾಟಕದ ಕಲಾವಿದೆ ಮತ್ತು ಹೊಸ ಹುಡುಗ ಒಂದೇ ದೃಶ್ಯದಲ್ಲಿದ್ದರೆ ನಿರ್ದೇಶಕ ಹೇಗೆ ನಿಭಾಯಿಸಬೇಕು?

ಕಿರುಚಿತ್ರ_ಮಂಡ್ಯ ಕೇಳಿದ್ದು:

ಇಪ್ಪತ್ತು ನಿಮಿಷದ ಕಿರುಚಿತ್ರ. ಮುಖ್ಯ ದೃಶ್ಯ ಹಳ್ಳಿಮನೆಯ ಅಡುಗೆಮನೆಯಲ್ಲಿ. ರಾತ್ರಿ ಊಟ, ಮುದ್ದೆ ಬಡಿಸುತ್ತಾ ತಾಯಿ ಜಮೀನು ಮಾರುವ ಮಾತು ತೆಗೀತಾಳೆ, ಮಗ ಊಟ ಬಿಟ್ಟು ಏಳ್ತಾನೆ. ಸ್ಕ್ರಿಪ್ಟ್‌ನಲ್ಲಿ ಮೂರೂವರೆ ಪುಟ. ಇರೋದು ಒಂದು ರಾತ್ರಿ, ಒಂದು ಕ್ಯಾಮೆರಾ, ಸಿಂಕ್ ಸೌಂಡ್ (ಆಮೇಲೆ ಡಬ್ ಮಾಡದೆ, ಶೂಟ್ ಆಗುವಾಗಲೇ ಹಿಡಿಯೋ ದನಿ).

ತಾಯಿಯ ಪಾತ್ರಕ್ಕೆ ವರ್ಷಾನುಗಟ್ಟಲೆ ನಾಟಕ ಮಾಡಿದ ಹಿರಿಯ ಕಲಾವಿದೆ. ಮಗನ ಪಾತ್ರಕ್ಕೆ ಅದೇ ಊರಿನ ಹುಡುಗ, ಹಿಂದೆ ಯಾವತ್ತೂ ನಟಿಸಿಲ್ಲ. ಟೆಸ್ಟ್ ಶೂಟ್‌ನಲ್ಲಿ ಕಂಡದ್ದು: ಅವರ ದನಿ ಸಭಾಂಗಣದ ಕೊನೆ ಸಾಲಿಗೆ ಮುಟ್ಟೋ ಹಾಗಿದೆ. ಹುಡುಗ ಮೊದಲ ಎರಡು ಸಲ ಸಹಜವಾಗಿ ಮಾಡಿ, ಮೂರನೇ ಸಲದಿಂದ ಪಾಠ ಒಪ್ಪಿಸ್ತಾನೆ. ಡೈಲಾಗ್ ಮುಗಿದ ಕೂಡಲೇ ನನ್ನ ಮುಖ ನೋಡ್ತಾನೆ.

ಯಾರ ಶಾಟ್ ಮೊದಲು ತೆಗೀಬೇಕು? ಸೈಡಿನಿಂದ ಮಾತು ಹೇಳಿಕೊಟ್ಟು ಪ್ರಾಂಪ್ಟ್ ಮಾಡಬಹುದಾ? ನಾನೇ ಮಾಡಿ ತೋರಿಸಿದರೆ ತಪ್ಪಾ?

ಹಳೇ_ಅಸೋಸಿಯೇಟ್:

ನಟನೆ ಆಮೇಲೆ, ಮೊದಲು ಆ ರಾತ್ರಿಯ ಕೆಲಸದ ಕ್ರಮ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಇದೆ.

ಲೈಟ್ ಕಟ್ಟೋ ಮುಂಚೆ ಸೆಟ್ ಖಾಲಿ ಮಾಡಿಸಿ. ಇಬ್ಬರು ಕಲಾವಿದರು, ನೀವು, ಕ್ಯಾಮೆರಾಮನ್, ಸೌಂಡ್ ಮಾಡೋರು, ಒಬ್ಬ ಅಸಿಸ್ಟೆಂಟ್, ಅಷ್ಟೇ ಜನ ಒಳಗಿರಲಿ. ಅರ್ಧ ಗಂಟೆ ಬ್ಲಾಕಿಂಗ್‌ಗೇ ಕೊಡಿ. ಆಕೆ ಒಲೆಯಿಂದ ಎಷ್ಟು ದೂರ ಕೂರಬೇಕು, ಹುಡುಗ ಗೋಡೆಗೆ ಒರಗಬೇಕಾ ಬೇಡವಾ, ಯಾವ ಮಾತಿಗೆ ಅವನ ಕೈ ನಿಲ್ಲುತ್ತೆ, ಯಾವ ಮಾತಿಗೆ ಏಳ್ತಾನೆ, ಇವೆಲ್ಲ ಇಲ್ಲಿ ತೀರ್ಮಾನ ಆಗಬೇಕು. ಭಾವನೆ ತುಂಬಿ ಮಾಡೋದು ಬೇಡ, ಮಾತು ಮೆಲ್ಲಗೆ ಹೇಳಿಕೊಂಡು ಹೋದರೆ ಸಾಕು. ಜಾಗ ಗೊತ್ತಾದ ಮೇಲೆ ಟೇಪ್ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನೆಲದ ಮೇಲೆ ಕೂತ ದೃಶ್ಯವಾದ್ದರಿಂದ ತಟ್ಟೆಯ ಕೆಳಗೂ ಗುರುತು ಇರಲಿ, ತಟ್ಟೆ ಜರುಗಿದರೆ ಮನುಷ್ಯನೂ ಜರುಗ್ತಾನೆ.

ಆಮೇಲೆ ಅವರನ್ನ ಮೇಕಪ್ಪಿಗೆ ಕಳಿಸಿ. ಸುಮಾರು ಅದೇ ಎತ್ತರದ ಬೇರೆ ಇಬ್ಬರನ್ನ ಆ ಜಾಗದಲ್ಲಿ ಕೂರಿಸಿ ಲೈಟ್ ಮಾಡಿ. ಹುಡುಗನನ್ನೇ ಒಂದು ಗಂಟೆ ಲೈಟ್ ಕೆಳಗೆ ಕೂರಿಸಿದರೆ ಟೇಕ್ ಹೊತ್ತಿಗೆ ಅವನಲ್ಲಿ ಏನೂ ಉಳಿದಿರಲ್ಲ.

ಇನ್ನು ಶಾಟ್‌ಗಳ ಕ್ರಮ. ವೈಡ್ (ಇಬ್ಬರೂ ಕಾಣೋ ದೂರದ ಶಾಟ್) ಮೊದಲು ತೆಗೀರಿ, ಆದರೆ ಅದನ್ನ ತಿದ್ದುತ್ತಾ ಕೂರಬೇಡಿ. ಎಡಿಟ್‌ನಲ್ಲಿ ವೈಡ್ ಉಳಿಯೋದು ಶುರುವಿನಲ್ಲಿ ಮತ್ತು ಹುಡುಗ ಎದ್ದು ಹೋಗೋವಾಗ. ಆ ಎರಡು ಕಡೆ ಚೆನ್ನಾಗಿದ್ದರೆ ಒಂದೆರಡು ಟೇಕ್ ಸಾಕು. ಅದಾದ ಕೂಡಲೇ ಹುಡುಗನ ಕ್ಲೋಸ್ (ಮುಖದ ಹತ್ತಿರದ ಶಾಟ್), ನಂತರ ಅವನ ಕಡೆಯ ಸಜೆಶನ್ ಶಾಟ್ (ಎದುರಿನವರ ಹೆಗಲ ಮೇಲಿಂದ ತೆಗೆಯೋದು). ಅವನ ದಿಕ್ಕಿನದೆಲ್ಲ ಮುಗಿಸಿಯೇ ಲೈಟ್ ತಿರುಗಿಸಿ. ಇಕ್ಕಟ್ಟಾದ ಅಡುಗೆಮನೆಯಲ್ಲಿ ಲೈಟ್ ತಿರುಗಿಸೋಕೆ ಮುಕ್ಕಾಲು ಗಂಟೆ ಬೇಕು, ಎರಡು ಸಲ ತಿರುಗಿಸಿದರೆ ಬೆಳಗಾಗುತ್ತೆ. ಆಕೆಯ ಶಾಟ್ ಕೊನೆಗಿಟ್ಟರೂ ನಡೆಯುತ್ತೆ, ಯಾಕಂದರೆ ನಾಟಕದವರಿಗೆ ಅದೇ ಕೆಲಸವನ್ನ ಮತ್ತೆ ಮತ್ತೆ ಅದೇ ಬಲದಲ್ಲಿ ಮಾಡೋ ಅಭ್ಯಾಸ ಇರುತ್ತೆ. ಆದರೆ ಇದನ್ನ ಅವರಿಗೆ ಮೊದಲೇ ಹೇಳಿಬಿಡಿ: "ಅಮ್ಮ, ನಿಮ್ಮ ಕ್ಲೋಸ್ ಹನ್ನೆರಡರ ಮೇಲೆ ಬರುತ್ತೆ, ವೈಡ್‌ನಲ್ಲಿ ಎಲ್ಲಾ ಖರ್ಚು ಮಾಡ್ಕೋಬೇಡಿ" ಅಂತ.

ಹುಡುಗನಿಗೆ "ಇನ್ನೂ ಕೋಪ ಬೇಕು" ಅಂದರೆ ಹುಬ್ಬು ಗಂಟಿಕ್ಕಿ ಕೂಗ್ತಾನೆ. ಮಾಡೋಕೆ ಒಂದು ಕೆಲಸ ಕೊಡಿ. "ತಟ್ಟೆ ನೋಡ್ಕೊಂಡೇ ಉತ್ತರ ಕೊಡು", "ಅವಳು ಮಾತು ಮುಗಿಸೋಕೆ ಬಿಡಬೇಡ", "ಅವಳು ಆಗಲೇ ರುಜು ಹಾಕಿಬಿಟ್ಟಿದ್ದಾಳಾ ಅಂತ ಮುಖದಲ್ಲಿ ಹುಡುಕು". ಒಂದು ಟೇಕ್‌ಗೆ ಒಂದೇ ಬದಲಾವಣೆ. ಮೂರು ಹೇಳಿದರೆ ಕೊನೆಯದೊಂದನ್ನ ಮಾಡ್ತಾನೆ, ಹಿಂದಿನ ಟೇಕ್‌ನಲ್ಲಿ ಚೆನ್ನಾಗಿದ್ದದ್ದೂ ಹೋಗುತ್ತೆ. ಹೇಳೋದನ್ನ ಹತ್ತಿರ ಹೋಗಿ, ಅವನೊಬ್ಬನಿಗೇ ಕೇಳೋ ಹಾಗೆ ಹೇಳಿ. ಮಾನಿಟರ್ ಹತ್ತಿರ ಕೂತು ಮೈಕಿನಲ್ಲಿ ತಿದ್ದುವವರನ್ನ ಕಂಡರೆ ನನಗೆ ಆಗಲ್ಲ.

ಬೂಮ್_ಹಿಡಿಯೋನು:

ಮೇಲಿನವರ "ಮಾತು ಮುಗಿಸೋಕೆ ಬಿಡಬೇಡ" ಒಳ್ಳೇ ಸಲಹೆಯೇ, ಆದರೆ ಸಿಂಕ್‌ನಲ್ಲಿ ಅದು ಎಡಿಟರ್ ತಲೆ ತಿನ್ನುತ್ತೆ. ಹುಡುಗನ ಕ್ಲೋಸ್ ನಡೀತಿರುವಾಗ ಫ್ರೇಮ್ ಆಚೆ ಇರೋ ತಾಯಿಯ ದನಿ ಅವನ ಮಾತಿನ ಮೇಲೆ ಬಿದ್ದರೆ, ಆ ದನಿ ಮೈಕಿನಿಂದ ದೂರ ಇರುತ್ತೆ, ಅವನ ಟ್ರ್ಯಾಕ್‌ಗೆ ಅಂಟಿಕೊಂಡಿರುತ್ತೆ, ಬಿಡಿಸೋಕೆ ಬರಲ್ಲ. ಇಬ್ಬರಿಗೂ ಲೇಪಲ್ (ಬಟ್ಟೆಗೆ ಸಿಕ್ಕಿಸೋ ಪುಟ್ಟ ಮೈಕ್) ಹಾಕಿದ್ದರೆ ವೈಡ್‌ನಲ್ಲಿ ಮಾತಿನ ಮೇಲೆ ಮಾತು ಬರಲಿ. ಕ್ಲೋಸ್‌ನಲ್ಲಿ ಮಾತ್ರ ಆಕೆಯೇ ಗೊತ್ತುಮಾಡಿದ ಪದಕ್ಕೆ ಗಕ್ಕನೆ ನಿಲ್ಲಿಸಲಿ, ಹುಡುಗ ಆ ಕ್ಷಣವೇ ನುಗ್ಗಲಿ. ಮಾತು ತುಂಡಾದ ಹಾಗೆಯೇ ಕಾಣುತ್ತೆ. ನಿಜವಾದ ಓವರ್‌ಲ್ಯಾಪ್ ಎಡಿಟ್ ಟೇಬಲ್ ಮೇಲೆ ಮಾಡಿಕೊಳ್ಳಬಹುದು. ಇದನ್ನ ನಾಟಕದವರು ಒಂದೇ ರಿಹರ್ಸಲ್‌ನಲ್ಲಿ ಹಿಡೀತಾರೆ.

ಪ್ರಾಂಪ್ಟಿಂಗ್ ಮರೆತುಬಿಡಿ. ಡಬ್ಬಿಂಗ್ ಪದ್ಧತಿಯಲ್ಲಿ ಕ್ಯಾಮೆರಾ ಪಕ್ಕದಿಂದ ಅಸಿಸ್ಟೆಂಟ್ ಒಂದೊಂದೇ ವಾಕ್ಯ ಕೂಗಿದರೂ ನಡೀತಿತ್ತು, ಪೈಲಟ್ ಟ್ರ್ಯಾಕ್ (ಶೂಟ್ ವೇಳೆ ಗುರುತಿಗೆ ಮಾತ್ರ ಹಿಡಿದ ದನಿ) ಹೇಗೂ ಬಿಸಾಕೋದೇ ತಾನೆ. ಅಲ್ಲೂ ಅದರ ಗುರುತು ಕಾಣ್ತಿತ್ತು: ಪ್ರತಿ ಮಾತಿಗೆ ಮುಂಚೆ ಅರೆಕ್ಷಣ ಕಾಯೋ ಮುಖ, ಕಿವಿ ಕೊಟ್ಟ ಕಣ್ಣು. ನಿಮ್ಮ ಮೂರೂವರೆ ಪುಟವನ್ನ ಮಾತು ತಿರುಗೋ ಜಾಗಗಳಲ್ಲಿ ಮೂರು ನಾಲ್ಕು ತುಂಡು ಮಾಡಿ, ಹುಡುಗನ ಕ್ಲೋಸ್‌ಗೆ ಒಂದೊಂದು ತುಂಡೇ ತೆಗೀರಿ. ಅವನಿಗೆ ಮಾತಿನ ತಿರುಳು ಗೊತ್ತಿರಲಿ, ಅವನದೇ ನಾಲಿಗೆಯಲ್ಲಿ ಹೇಳಲಿ, ಪ್ರತಿ ಮಾತಿನ ಕೊನೆಯ ಪದ ಮಾತ್ರ ಬದಲಾಗಬಾರದು. ಆಕೆಗೆ ಕ್ಯೂ (ತನ್ನ ಮಾತು ಶುರುಮಾಡೋ ಸೂಚನೆ) ಸಿಗೋದು ಆ ಪದದಿಂದ. ಟೇಕ್ ನಡುವೆ ನೀವು ಏನಾದರೂ ಹೇಳಲೇಬೇಕು ಅಂದರೆ ಮಾತಿಲ್ಲದ ಜಾಗದಲ್ಲಿ ಹೇಳಿ, ಹಿಂದೆ ಮುಂದೆ ಒಂದೊಂದು ಸೆಕೆಂಡ್ ಮೌನ ಇದ್ದರೆ ನಿಮ್ಮ ದನಿ ಕತ್ತರಿಸಿ ತೆಗೀಬಹುದು.

ಹಿರಿಯರ ದನಿ ಬಗ್ಗೆ: "ದನಿ ಇಳಿಸಿ" ಅಂದರೆ ದನಿಯ ಜೊತೆ ಬಲವೂ ಇಳಿದು ಮಾತು ಚಪ್ಪೆಯಾಗುತ್ತೆ. ಅವರಿಗೆ ಕಾರಣ ಕೊಡಿ. "ಜಗಲಿ ಮೇಲೆ ಮಾವ ಮಲಗಿದಾರೆ, ಜಮೀನಿನ ಮಾತು ಅವರ ಕಿವಿಗೆ ಬೀಳಬಾರದು" ಅಂದರೆ ದನಿ ತಾನೇ ಇಳಿಯುತ್ತೆ, ಒತ್ತಡ ಹಾಗೇ ಇರುತ್ತೆ. ವಾಕ್ಯದ ಕೊನೆಯ ಅಕ್ಷರ ಎಳೆದು ನಿಲ್ಲಿಸೋ ರೂಢಿ ಇದ್ದರೆ ಅದನ್ನ ಬೇರೆಯಾಗಿ, ಒಂದೇ ಸಲ ಹೇಳಿ.

ಶೂಟಿಂಗ್ ಮನೆಯಲ್ಲಿ ಮಾಡಬೇಕಾದ್ದು: ಫ್ರಿಜ್ ಆಫ್ ಮಾಡಿ, ಗಾಡಿ ಕೀ ಅದರೊಳಗೇ ಇಡಿ. ಹೋಗುವಾಗ ಆನ್ ಮಾಡೋದು ಮರೆಯೋಕಾಗಲ್ಲ. ಸ್ಟೀಲ್ ತಟ್ಟೆ ಕೆಳಗೆ ನಾಲ್ಕು ಮಡಿಕೆ ಬಟ್ಟೆ. ಗಾಜಿನ ಬಳೆ ಎರಡಕ್ಕಿಂತ ಹೆಚ್ಚು ಬೇಡ, ಗಂಜಿ ಹಾಕಿದ ಸೀರೆ ಬೇಡವೇ ಬೇಡ, ಲೇಪಲ್ ಮೇಲೆ ಸರಸರ ಅನ್ನುತ್ತೆ. ಗೋಡೆಯ ಪ್ರತಿಧ್ವನಿ ಇರೋ ಸಣ್ಣ ಕೋಣೆಯಲ್ಲಿ ಉದ್ದದ ಶಾಟ್‌ಗನ್‌ಗಿಂತ ಹೈಪರ್‌ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಎದುರಿನ ದನಿ ಹಿಡಿಯೋದು) ವಾಸಿ. ಎಲ್ಲ ಮುಗಿದ ಮೇಲೆ, ಯಾರೂ ಕದಲದೆ, ಮೂವತ್ತು ಸೆಕೆಂಡ್ ರೂಮ್ ಟೋನ್ (ಮಾತಿಲ್ಲದ ಕೋಣೆಯ ಸದ್ದು) ತಗೊಳ್ಳಿ. ಕೆಟ್ಟುಹೋದ ಮಾತು ಇದ್ದರೆ ಅದೇ ಜಾಗದಲ್ಲಿ ಕೂರಿಸಿ ಬರೀ ದನಿ ಹಿಡೀರಿ. ಸ್ಟುಡಿಯೋದಲ್ಲಿ ಡಬ್ ಮಾಡಿದ ಒಂದು ಸಾಲು ಉಳಿದದ್ದರ ಜೊತೆ ಕೂರೋದು ಕಷ್ಟ.

ಫೋಕಸ್_2.8:

ಕ್ಯಾಮೆರಾ ಕಡೆಯಿಂದ ಒಂದು ಮಾತು. ನಟಿಸಿ ಗೊತ್ತಿಲ್ಲದವನು ಮಾರ್ಕ್ ಮೇಲೆ ಕೂರಲ್ಲ, ಮುಂದೆ ಹಿಂದೆ ವಾಲ್ತಾನೆ. ಹಿನ್ನೆಲೆ ಮಸುಕಾಗಲಿ ಅಂತ 85 ಎಂಎಂ ಲೆನ್ಸ್ ಹಾಕಿ, ಬೆಳಕಿನ ಕಿಂಡಿಯನ್ನ ಅಗಲವಾಗಿ ಟಿ2ನಲ್ಲಿ ತೆರೆದರೆ, ಐದಡಿ ದೂರದಲ್ಲಿ ಸೂಪರ್ 35 (ಸಿನಿಮಾ ಕ್ಯಾಮೆರಾಗಳ ಒಂದು ಅಳತೆ) ಸೆನ್ಸರ್‌ಗೆ ಸಿಗೋ ಫೋಕಸ್ ಆಳ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮುದ್ದೆ ಮುರಿಯೋಕೆ ಬಗ್ಗಿದರೆ ಮುಗೀತು. ಸಿಕ್ಕ ಒಳ್ಳೇ ಟೇಕ್ ಫೋಕಸ್ ತಪ್ಪಿ ಹಾಳಾದರೆ ಆ ಹುಡುಗನಿಂದ ಇನ್ನೊಂದು ಸಿಗಲ್ಲ. ಅದೇ ದೂರದಲ್ಲಿ 50 ಎಂಎಂ, ಟಿ4 (ಕಿಂಡಿ ಕಿರಿದು) ಇಟ್ಟರೆ ಸುಮಾರು ಹದಿನಾಲ್ಕು ಸೆಂಟಿಮೀಟರ್ ಸಿಗುತ್ತೆ. ಬೆಳಕು ನಾಲ್ಕು ಪಟ್ಟು ಬೇಕು, ಇಲ್ಲವೇ ಐಎಸ್‌ಒ (ಕ್ಯಾಮೆರಾದ ಬೆಳಕು ಹಿಡಿಯೋ ಶಕ್ತಿ) 800ರಿಂದ 3200ಕ್ಕೆ ಏರಿಸಬೇಕು. ಸ್ವಲ್ಪ ಗ್ರೇನ್ ಬಂದರೆ ಬರಲಿ.

ಅವನು ನಿಮ್ಮ ಮುಖ ನೋಡೋದು ನೀವು ಕಣ್ಣಿಗೆ ಬೀಳೋ ಜಾಗದಲ್ಲಿರೋದಕ್ಕೆ, ಜೊತೆಗೆ ಮಾತು ಮುಗಿದ ತಕ್ಷಣ ಕಟ್ ಅನ್ನೋದಕ್ಕೆ. ಲೆನ್ಸ್‌ನ ಹಿಂದೆ, ಅವನ ದೃಷ್ಟಿಗೆ ಸಿಗದ ಕಡೆ ಚಿಕ್ಕ ಮಾನಿಟರ್ ಹಿಡಿದು ಕೂರಿ. ತಾಯಿ ಪಾತ್ರದವರು ಲೆನ್ಸ್‌ಗೆ ತಾಗಿದ ಹಾಗೆ, ಅವನ ಕಣ್ಣಿನ ಮಟ್ಟಕ್ಕೆ ಕೂರಲಿ. ಮಿಕ್ಕ ಯಾರೂ ಆ ಗೆರೆಯಲ್ಲಿ ಓಡಾಡಬಾರದು. ಕೊನೆ ಮಾತಾದ ಮೇಲೂ ಐದಾರು ಸೆಕೆಂಡ್ ಕಟ್ ಹೇಳಬೇಡಿ. ಮುಖದ ಒಳ್ಳೇ ತುಣುಕುಗಳು ಎಷ್ಟೋ ಸಲ ಸಿಗೋದು ಅಲ್ಲೇ.

ಮೂಗಿನ ಮುಂದೆ ಕ್ಲ್ಯಾಪ್ ಹೊಡೆದರೆ ಬೆಚ್ಚಿಬೀಳೋರಿಗೆ ಎಂಡ್ ಕ್ಲ್ಯಾಪ್ ಮಾಡಿ, ಬೋರ್ಡ್ ತಲೆಕೆಳಗೆ ಹಿಡಿದು ಕೊನೆಯಲ್ಲಿ ಹೊಡೀರಿ. ಕಟ್ ಮಾಡದೆ ಎರಡು ಮೂರು ಸಲ ಮಾಡಿಸೋದೂ ಒಳ್ಳೇ ಉಪಾಯ, ಕಾರ್ಡ್ ಲೆಕ್ಕ ಇರಲಿ: ಯುಎಚ್‌ಡಿ ಪ್ರೊರೆಸ್ 422 ಎಚ್‌ಕ್ಯೂ (ವಿಡಿಯೋ ಉಳಿಸೋ ಒಂದು ಫಾರ್ಮ್ಯಾಟ್) 24 ಫ್ರೇಮ್‌ನಲ್ಲಿ ಗಂಟೆಗೆ ಸುಮಾರು 320 ಜಿಬಿ ತಿನ್ನುತ್ತೆ. 256ರ ಕಾರ್ಡ್ ಮುಕ್ಕಾಲು ಗಂಟೆ ಬಂದರೆ ಹೆಚ್ಚು.

ಜಗಲಿಕಟ್ಟೆ:

"ನಾನೇ ಮಾಡಿ ತೋರಿಸಲಾ" ಅನ್ನೋದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮಲ್ಲಿ ಇದು ರೂಢಿ, ಪಳಗಿದ ನಟ ಅದರಲ್ಲಿ ಬೇಕಾದ್ದು ತಗೊಂಡು ಬೇಡದ್ದು ಬಿಡ್ತಾನೆ. ಹೊಸಬನಿಗೆ ಬಿಡೋದು ಗೊತ್ತಿಲ್ಲ. ನಿಮ್ಮ ರಾಗ, ನಿಮ್ಮ ಕತ್ತಿನ ಕೊಂಕು ಎಲ್ಲ ನಕಲು ಮಾಡ್ತಾನೆ, ಅದೂ ನಿಮಗಿಂತ ಎರಡು ಪಟ್ಟು. ಎಲ್ಲಿ ಏಳಬೇಕು, ಚೊಂಬು ಯಾವ ಕೈಯಲ್ಲಿ ಎತ್ತಬೇಕು ಅನ್ನೋದನ್ನ ಧಾರಾಳವಾಗಿ ತೋರಿಸಿ. ಮಾತು ಹೇಗೆ ಆಡಬೇಕು ಅನ್ನೋದನ್ನ ಬೇಡ.

ನಟರಲ್ಲದವರ ಬಲ ಇರೋದು ಅವರು ತಾವಾಗಿಯೇ ಇರೋದರಲ್ಲಿ. ರಾಮ್ ರೆಡ್ಡಿ ಅವರ 'ತಿಥಿ' ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ಆ ಕಡೆಯ ಜನರನ್ನೇ ಹಾಕಿಕೊಂಡು ಆದ ಚಿತ್ರ. ಅಲ್ಲಿನವರಾದ ಈರೇಗೌಡರು ಬರವಣಿಗೆಯಲ್ಲಿದ್ದರು, ಮಾತು ಜನರ ಬಾಯಿಗೆ ಹೊಂದಿಕೊಂಡಿತ್ತು. ನಿಮ್ಮ ಹುಡುಗ ಮೂರನೇ ಟೇಕ್‌ಗೆ ಪಾಠ ಒಪ್ಪಿಸ್ತಾನೆ ಅಂದರೆ ಬಹುಶಃ ನಿಮ್ಮ ಡೈಲಾಗ್ ಅವನ ಮಾತಲ್ಲ. ಸ್ಕ್ರಿಪ್ಟ್ ಕೊಡೋ ಬದಲು ಸನ್ನಿವೇಶ ಹೇಳಿ, ಅವನಿಂದಲೇ ಮಾತಾಡಿಸಿ ರೆಕಾರ್ಡ್ ಮಾಡಿ, ಅದನ್ನೇ ಬರೆದುಕೊಳ್ಳಿ.

ಇನ್ನೊಂದು ದಾರಿ ಇರಾನಿನ ನಿರ್ದೇಶಕ ಕಿಯಾರೊಸ್ತಾಮಿಯದು. 'ಟೇಸ್ಟ್ ಆಫ್ ಚೆರ್ರಿ' (1997) ಚಿತ್ರದ ಕಾರಿನ ಸಂಭಾಷಣೆಗಳಲ್ಲಿ ಫ್ರೇಮ್ ಆಚೆಯ ಸೀಟಿನಲ್ಲಿ ಕೂತು ನಟನ ಜೊತೆ ಮಾತಾಡ್ತಿದ್ದದ್ದು ನಿರ್ದೇಶಕನೇ. ಆಕೆ ದಣಿದಿದ್ದರೆ ಹುಡುಗನ ಕೆಲವು ಪ್ರತಿಕ್ರಿಯೆಗಳಿಗೆ ನೀವೇ ಆ ಜಾಗದಲ್ಲಿ ಕೂರಿ, ಅವನಿಗೆ ಗೊತ್ತಿಲ್ಲದ ಪ್ರಶ್ನೆ ಕೇಳಿ. ಆದರೆ ಮೊದಲ ಟೇಕ್‌ಗಳಿಗೆ ಆಕೆಯೇ ಇರಲಿ.

ಮಾನಿಟರ್‌ನಲ್ಲಿ ಪ್ಲೇಬ್ಯಾಕ್: ಹಿರಿಯರಿಗೆ ಅವರ ಕ್ಲೋಸ್ ಒಮ್ಮೆ ತೋರಿಸಿ, ಫ್ರೇಮ್ ಎಷ್ಟು ಬಿಗಿ ಅಂತ ಕಂಡರೆ ಕೈಯಾಡಿಸೋದು ಅವರೇ ಕಡಿಮೆ ಮಾಡ್ತಾರೆ. ಹುಡುಗನಿಗೆ ತೋರಿಸಲೇಬೇಡಿ, ಮುಂದಿನ ಟೇಕ್‌ನಲ್ಲಿ ಕೂದಲು ಸರಿಮಾಡಿಕೊಳ್ತಾ ಕೂರ್ತಾನೆ.

ಕಿರುಚಿತ್ರ_ಮಂಡ್ಯ:

ಡೈಲಾಗ್ ಅವನ ಬಾಯಿಂದಲೇ ತೆಗೆಯೋ ಮಾತು ನಾಳೆಯೇ ಮಾಡಿ ನೋಡ್ತೀನಿ. ಇನ್ನೆರಡು ಅನುಮಾನ: ಊಟದ ಕಂಟಿನ್ಯುಟಿ (ಶಾಟ್‌ನಿಂದ ಶಾಟ್‌ಗೆ ಹೊಂದಾಣಿಕೆ) ಹೇಗೆ? ಅವನು ಎದ್ದು ಹೋದ ಮೇಲೆ ತಾಯಿ ಅಳ್ತಾಳೆ, ಅದಕ್ಕೆ ಗ್ಲಿಸರಿನ್ ಹಾಕಬಹುದಾ?

ಕಂಟಿನ್ಯುಟಿ_ಪುಸ್ತಕ:

ಮುದ್ದೆ ದೃಶ್ಯಕ್ಕೆ ಮೊದಲು ಲೆಕ್ಕ ಹಾಕಿ. ವೈಡ್, ಎರಡು ಸಜೆಶನ್, ಎರಡು ಕ್ಲೋಸ್, ಐದು ಕೋನ. ಕೋನಕ್ಕೆ ನಾಲ್ಕು ಟೇಕ್ ಅಂದರೂ ಇಪ್ಪತ್ತು ಸಲ ತಟ್ಟೆ ಹೊಸದಾಗಬೇಕು. ಇಪ್ಪತ್ತು ಮುದ್ದೆ ಒಟ್ಟಿಗೆ ಕಟ್ಟಿಟ್ಟರೆ ಮೇಲ್ಮೈ ಒಣಗಿ ಬಿರಿಯುತ್ತೆ, ಹಬೆ ಇರಲ್ಲ, ಕ್ಲೋಸ್‌ನಲ್ಲಿ ಹಳಸಲಿನ ಹಾಗೆ ಕಾಣುತ್ತೆ. ಹಿತ್ತಲಲ್ಲಿ ಒಬ್ಬರು ನಾಲ್ಕೈದರಂತೆ ಕಟ್ಟಿ ಒದ್ದೆ ಬಟ್ಟೆ ಮುಚ್ಚಿಡಲಿ. ಸಾರಿನ ಮಟ್ಟ ಫೋಟೋ ತೆಗೆದಿಟ್ಟುಕೊಳ್ಳಿ.

ಕೈ ಕೆಲಸವನ್ನ ಪದಕ್ಕೆ ಕಟ್ಟಿಹಾಕಿ. "ರಿಜಿಸ್ಟ್ರಿ" ಅಂದಾಗ ಮುದ್ದೆ ಮುರಿಯೋದು, "ಅಪ್ಪ" ಅಂದಾಗ ಕೈ ನಿಲ್ಲೋದು. ಆ ಎರಡು ಜಾಗ ಕೂಡಿಬಂದರೆ ನಡುವೆ ಅವನು ಏನು ಮಾಡಿದರೂ ಎಡಿಟ್ ಆಗುತ್ತೆ. ಪ್ರತಿ ತುತ್ತನ್ನೂ ಗುರುತು ಹಾಕಿ ಕೊಟ್ಟರೆ ಹುಡುಗ ತುತ್ತು ಎಣಿಸ್ತಾ ಕೂರ್ತಾನೆ. ಮುದ್ದೆ ನುಂಗೋದಾದ್ದರಿಂದ ಮಾತಿಗೆ ತೊಂದರೆ ಇಲ್ಲ, ಊರಿನ ಹುಡುಗನಿಗೆ ಇದನ್ನ ಹೇಳಿಕೊಡೋದೂ ಬೇಕಿಲ್ಲ. ನಿಮ್ಮ ಕಲಾವಿದೆ ಬೇರೆ ಸೀಮೆಯವರಾಗಿ ಅಗಿಯೋಕೆ ಶುರುಮಾಡಿದರೆ ಮಂಡ್ಯದ ಪ್ರೇಕ್ಷಕ ಅಲ್ಲೇ ಹಿಡೀತಾನೆ, ಗಮನ ಇರಲಿ. ಚಿಕ್ಕ ತುತ್ತು ಸಾಕು, ನಾಲ್ಕನೇ ಕೋನದ ಹೊತ್ತಿಗೆ ಇಬ್ಬರ ಹೊಟ್ಟೆಯೂ ತುಂಬಿರುತ್ತೆ.

ಅಳು: ಮೊದಲು ಅವರನ್ನೇ ಕೇಳಿ, ನಾಟಕದವರಿಗೆ ಅವರದೇ ದಾರಿ ಇರುತ್ತೆ. ಗ್ಲಿಸರಿನ್ ಬೇಕೇ ಬೇಕು ಅಂದರೆ ಕಣ್ಣೊಳಗೆ ಹಾಕಬೇಡಿ. ಕೆನ್ನೆ ಮೇಲೆ ಇಳಿಯೋ ಹನಿಗೆ ಮಾತ್ರ ಅದು ಆಗುತ್ತೆ, ಕಣ್ಣು ಕೆಂಪಾಗಲ್ಲ, ಕ್ಲೋಸ್‌ನಲ್ಲಿ ಸುಳ್ಳು ಗೊತ್ತಾಗುತ್ತೆ. ಮೆಂತಾಲ್ ಕಡ್ಡಿಯನ್ನ ರೆಪ್ಪೆಯಿಂದ ದೂರ, ಕಣ್ಣಿನ ಕೆಳಗಿನ ಚರ್ಮಕ್ಕೆ ಚೂರೇ ಚೂರು ತಾಗಿಸಿದರೆ ಅದರ ಆವಿಗೆ ಕಣ್ಣು ತಾನೇ ಒದ್ದೆಯಾಗುತ್ತೆ. ಯಾವುದೇ ಆಗಲಿ, ಅಳುವಿನ ಕ್ಲೋಸ್ ಆಕೆಯ ಶಾಟ್‌ಗಳಲ್ಲೇ ಕಟ್ಟಕಡೆಗೆ. ಕಣ್ಣು ಒಮ್ಮೆ ಊದಿದರೆ ಊಟದ ಶುರುವಿನ ಶಾಟ್‌ಗೆ ಆ ಮುಖ ಹೊಂದಲ್ಲ. ಮತ್ತೆ ಅದಕ್ಕೆ ರಿಹರ್ಸಲ್ ಬೇಡ, ಲೈಟ್ ಮತ್ತು ಫೋಕಸ್ ಬೇರೆಯವರನ್ನ ಕೂರಿಸಿ ನೋಡಿಕೊಂಡು ಸೀದಾ ರೋಲ್ ಮಾಡಿ.