ಬರೀ ರಿಂಗ್, ಚುಕ್ಕೆ ಇಲ್ಲ: ವೈವ್ಯಾಕ್ಸೋ ಫಾಲ್ಸಿಪಾರಮ್ಮೋ?

ಸ್ಲೈಡ್‌ಹುಳು: ತಲೆ ಕೆಟ್ಟು ಹೋಗಿದೆ. ಪ್ರಾಕ್ಟಿಕಲ್‌ಗೆ ಕೊಟ್ಟ ಮಲೇರಿಯಾ ರಕ್ತ, ಗಾಜಿನ ಮೇಲೆ ಸವರಿದ ತೆಳು ಸ್ಮಿಯರ್, ಬಣ್ಣ ಜೀಮ್ಸಾ. ಪರಾವಲಂಬಿಯ ಎಳೆ ಹಂತದ ರಿಂಗ್ ಇದೆ, ವೈವ್ಯಾಕ್ಸ್ ಜಾತಿಯ ಗುರುತಾಗಿ ಕೆಂಪು ಕಣದಲ್ಲಿ ಕಾಣುವ ಶಫ್ನರ್ ಚುಕ್ಕೆ ಒಂದೂ ಇಲ್ಲ. ಇನ್ನೊಂದು ಜಾತಿ ಫಾಲ್ಸಿಪಾರಂ ಅಂದರೆ ಮೇಡಂ ‘ಬಾಳೆಹಣ್ಣು ತೋರಿಸು’ ಅಂತಾರೆ, ಅಂದರೆ ಅದರ ಬಾಳೆಹಣ್ಣಿನ ಆಕಾರದ ಗ್ಯಾಮಿಟೋಸೈಟ್. ಅದೂ ಇಲ್ಲ, ದುಂಡಗಿನ ದೊಡ್ಡವು ಮಾತ್ರ ಇವೆ. ಏನಿದು?

ಎಣ್ಣೆಹನಿ: ಬಣ್ಣ ಕಲಸುವ ಬಫರ್ ಪಿಹೆಚ್ ಎಷ್ಟು? 6.8 ಇದ್ದರೆ ಚುಕ್ಕೆ ಸರಿಯಾಗಿ ಏಳುವುದಿಲ್ಲ. ಮಲೇರಿಯಾಗೆ 7.2 ಬೇಕು. ಇಲ್ಲಿ ಎಷ್ಟು ಸಲ ಹೇಳಿದ್ದೇನೋ.

ಸ್ಲೈಡ್‌ಹುಳು: 7.2 ನೇ. ಪೇಪರ್ ಅದ್ದಿ ನೋಡಿದೆ.

ಎಣ್ಣೆಹನಿ: ಪೇಪರ್ ನಂಬ್ತೀರಾ? ಮೀಟರ್ ತನ್ನಿ. ಡಿಸ್ಟಿಲ್ಡ್ ನೀರು ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಆಮ್ಲೀಯ ಆಗುತ್ತದೆ. ನೂರಕ್ಕೆ ನೂರು ಬಫರೇ.

ನೀಲಿಫಿಲ್ಟರ್: ಜೀಮ್ಸಾ ಬಿಟ್ಟು ಲೀಶ್ಮನ್ ಹಾಕಿ, ಸುಮ್ನೆ ಒದ್ದಾಟ ಯಾಕೆ. ನನ್ನ ಒಲಿಂಪಸ್ ಸಿಎಕ್ಸ್23 ಮೈಕ್ರೋಸ್ಕೋಪಲ್ಲಿ ಪರಾವಲಂಬಿಯ ಕ್ರೊಮ್ಯಾಟಿನ್ ಮಾಣಿಕ್ಯದ ಹಾಗೆ ಹೊಳೆಯುತ್ತದೆ.

ಎಣ್ಣೆಹನಿ: ಲೀಶ್ಮನ್ ದಪ್ಪ ಸ್ಮಿಯರ್‌ಗೆ ಬರುವುದಿಲ್ಲ. ಅಲ್ಲಿ ಕೆಂಪು ಕಣ ಒಡೆಯಬೇಕು, ಅದರಲ್ಲಿರೋ ಮೆಥನಾಲ್ ಕಣಗಳನ್ನು ಫಿಕ್ಸ್ ಮಾಡಿಬಿಡುತ್ತದೆ.

ನೀಲಿಫಿಲ್ಟರ್: ಅವರು ಕೇಳಿದ್ದು ತೆಳು ಸ್ಮಿಯರ್ ಸ್ವಾಮಿ, ಓದಿ ಮಾತಾಡಿ.

ಕುಡ್ಲಲ್ಯಾಬ್: ಜಗಳ ಆಮೇಲೆ ಆಡಿ. ರಕ್ತ ಬೆರಳಿನದಾ ಟ್ಯೂಬಿನದಾ?

ಸ್ಲೈಡ್‌ಹುಳು: ನೇರಳೆ ಮುಚ್ಚಳದ ಟ್ಯೂಬು. ನಿನ್ನೆ ಬೆಳಿಗ್ಗೆ ತೆಗೆದದ್ದು. ಅದರಿಂದ ಏನಾಗುತ್ತೆ?

ಕುಡ್ಲಲ್ಯಾಬ್: ಅದರಿಂದಲೇ ಎಲ್ಲ ಆಗಿರೋದು. ಆ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಇರುತ್ತದೆ, ಅದರಲ್ಲಿ ರಕ್ತ ಗಂಟೆಗಟ್ಟಲೆ ಕೂತರೆ ಚುಕ್ಕೆ ಮಾಯವಾಗಬಹುದು. ವೈವ್ಯಾಕ್ಸ್‌ನ ಅಡ್ಡಾದಿಡ್ಡಿ ಟ್ರೋಫೊಜಾಯಿಟ್ (ಬೆಳೆಯುವ ಹಂತ) ಮುದುಡಿ ‘ಮಲೇರಿಯೆ’ ಅನ್ನೋ ಮತ್ತೊಂದು ಜಾತಿಯ ಹಾಗೆ ಕಾಣುತ್ತದೆ, ಫಾಲ್ಸಿಪಾರಂನ ಬಾಳೆಹಣ್ಣೂ ದುಂಡಗಾಗುತ್ತದೆ. ಹಾಗಾಗಿ ನಿಮ್ಮ ದುಂಡನೆಯದು ಎರಡರಲ್ಲಿ ಯಾವುದೂ ಆಗಬಹುದು. ಈಗ ಮಾಡುವುದಿಷ್ಟು: ರಿಂಗ್ ಇರುವ ಕಣವನ್ನು ಪಕ್ಕದ ಖಾಲಿ ಕಣದ ಜೊತೆ ಅಳೆದು, ಊದಿದೆಯಾ ನೋಡಿ. ಸಣ್ಣ, ತೆಳು ರಿಂಗ್, ಒಂದೇ ಕಣದಲ್ಲಿ ಎರಡು ಮೂರು, ಒಂದು ರಿಂಗ್‌ಗೆ ಎರಡು ಕೆಂಪು ಕ್ರೊಮ್ಯಾಟಿನ್ ಚುಕ್ಕೆ, ಕೆಲವು ಅಂಚಿಗೆ ಅಂಟಿಕೊಂಡಿವೆ ಅಂದರೆ ಫಾಲ್ಸಿಪಾರಂ ಕಡೆ ಯೋಚಿಸಿ. ಊದಿದ ಕಣದೊಳಗೆ 12ರಿಂದ 24 ಮರಿ ಪರಾವಲಂಬಿ (ಮೆರೊಜಾಯಿಟ್) ತುಂಬಿದ ಸೈಜೋಂಟ್ ಅನ್ನೋ ಹಂತ ಸಿಕ್ಕರೆ ವೈವ್ಯಾಕ್ಸ್. ಪ್ಲೇಟ್‌ಲೆಟ್ ಕೆಂಪು ಕಣದ ಮೇಲೆ ಕೂತು ಸುತ್ತ ಬಿಳಿ ಉಂಗುರ ಬಿಟ್ಟಿರುತ್ತದೆ, ಪರಾವಲಂಬಿ ಅಂದುಕೊಂಡು ಮೋಸ ಹೋಗಬೇಡಿ. ಫೈನ್ ಫೋಕಸ್ ತಿರುಗಿಸಿದರೆ ಅದು ಕಣಕ್ಕಿಂತ ಮೇಲಿರೋದು ಗೊತ್ತಾಗುತ್ತದೆ. ಮಂಗಳೂರಲ್ಲಿ ನಮಗೆ ವೈವ್ಯಾಕ್ಸೇ ಜಾಸ್ತಿ, ಆದರೂ ಊರು ನೋಡಿ ರಿಪೋರ್ಟ್ ಬರೆಯುವುದಿಲ್ಲ.

ಸ್ಲೈಡ್‌ಹುಳು: ಎರಡು ರಿಂಗ್ ಇರುವ ಕಣ ಒಂದಿದೆ. ಒಂದು ಸಾಕಾ?

ಕುಡ್ಲಲ್ಯಾಬ್: ಸಾಲದು, ವೈವ್ಯಾಕ್ಸ್‌ನಲ್ಲೂ ಅಪರೂಪಕ್ಕೆ ಸಿಗುತ್ತದೆ. ಹೊಸ ರಕ್ತ ಕೇಳಿ, ತಕ್ಷಣ ಸ್ಮಿಯರ್ ಮಾಡಿ.

ಎಣ್ಣೆಹನಿ: ಮಾಡಲಿ. ಪಿಹೆಚ್ ಮೀಟರ್ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ ಅಲ್ವಾ.

ನೀಲಿಫಿಲ್ಟರ್: ಸಿಎಕ್ಸ್23ಗೆ ಮೊಬೈಲ್ ಅಡಾಪ್ಟರ್ ಹಾಕಿದವರು ಯಾರಾದ್ರೂ ಇದ್ದೀರಾ? ಫೋಟೋ ಹಾಕುತ್ತೇನೆ, ನೋಡಿ.