ರಿಯಾಕ್ಟರ್ ಬಿಟ್ಟು ಹೊರಗೆ ಹೋದವರು ಅನುಭವ ಹೇಳ್ತೀರಾ?

ಕೋರ್‌ಲೆಕ್ಕ: 7 ವರ್ಷದಿಂದ ರಿಯಾಕ್ಟರ್ ಕೋರ್ ಲೆಕ್ಕ ಮಾಡುತ್ತಿದ್ದೇನೆ, ನ್ಯೂಟ್ರಾನ್ ಓಡಾಟ ಲೆಕ್ಕ ಹಾಕುವ ಎಂಸಿಎನ್‌ಪಿ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತದೆ. ವಿದ್ಯುತ್ ಸ್ಥಾವರ ಸಾಕಾಗಿದೆ. ಇಬ್ಬರು ಪುಟ್ಟ ಮಕ್ಕಳಿದ್ದಾರೆ, ಮತ್ತೆ ಕಾಲೇಜಿಗೆ ಹೋಗಲು ಆಗುವುದಿಲ್ಲ. ಎಲ್ಲಿಗೆ ಹೋಗಬಹುದು?

ಲಿನಾಕ್: ನಾನು ಮೆಡಿಕಲ್ ಫಿಸಿಕ್ಸ್‌ಗೆ ಬಂದೆ, ಅಂದರೆ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣದ ಲೆಕ್ಕ. 2 ವರ್ಷ ಕ್ಲಾಸು, ಆಮೇಲೆ 2 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ತರಬೇತಿ. ರೆಸಿಡೆನ್ಸಿಗೆ 23 ಕಡೆ ಅರ್ಜಿ ಹಾಕಿದೆ, ಕರೆದಿದ್ದು ಒಂದೇ ಕಡೆ. ಸಂಬಳ ಅರ್ಧಕ್ಕೆ ಇಳಿಯಿತು. ಸರ್ಟಿಫಿಕೇಟ್ ಪರೀಕ್ಷೆ ಮೊದಲ ಸಲ ಫೇಲ್, ಅದಕ್ಕೆ ಇನ್ನೊಂದು ವರ್ಷ ಹೋಯಿತು. ಯಂತ್ರದ ತಪಾಸಣೆ ಮಾಡುವುದು ರೋಗಿಗಳೆಲ್ಲ ಹೋದ ಮೇಲೆ, ರಾತ್ರಿ. ಆದರೂ 18 ಎಂವಿ (ಮೆಗಾವೋಲ್ಟ್) ವಿಕಿರಣ ಚಿಕಿತ್ಸೆ ಯಂತ್ರದ ಬಾಗಿಲ ಹತ್ತಿರ ನ್ಯೂಟ್ರಾನ್ ರೀಡಿಂಗ್ ಯಾರ ಲೆಕ್ಕಕ್ಕೂ ಸಿಗದಿದ್ದಾಗ, ಕೋಣೆಯ ಮೂಲೆ ಮೂಲೆ ಸೇರಿಸಿ ನಿಮ್ಮ ಎಂಸಿಎನ್‌ಪಿ ತರಹದ್ದೇ ಮಾಂಟೆ ಕಾರ್ಲೋ ಲೆಕ್ಕ ಓಡಿಸಿ ತೋರಿಸಿದ್ದು ನಾನು. ಆ ದಿನ ಎಲ್ಲ ಸಾರ್ಥಕ ಅನಿಸಿತು.

ಬಾವಿಕೆಲಸ: 5 ವರ್ಷ ಸುಮ್ನೆ ದಂಡ. ನಾನು ಒಂದು ಪುಸ್ತಕವನ್ನೂ ಮತ್ತೆ ತೆರೆಯದೆ ತೈಲ ಬಾವಿ ಲಾಗಿಂಗ್‌ಗೆ ಹೋದೆ, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಸುತ್ತಲಿನ ಕಲ್ಲನ್ನು ಅಳೆಯುವುದು. ನ್ಯೂಟ್ರಾನ್ ಬಿಡುವ ಅಮೆರಿಸಿಯಂ-ಬೆರಿಲಿಯಂ ಸೋರ್ಸ್ ಇಳಿಸುವುದು, ಕಲ್ಲಿನೊಳಗಿನ ನೀರು, ಎಣ್ಣೆಯ ಹೈಡ್ರೋಜನ್ ನೋಡುವುದು, ನಿಮಗೆಲ್ಲ ಗೊತ್ತಿರುವುದೇ. ಕಷ್ಟ ಬೇರೆ ಇದೆ. ಒಮ್ಮೆ ಟೂಲ್ ಸೋರ್ಸ್ ಸಮೇತ ಒಳಗೇ ಸಿಕ್ಕಿಬಿತ್ತು. 6 ದಿನ ಎತ್ತಲು ನೋಡಿದೆವು, ನಾನು ಕೂತಲ್ಲೇ ನಿದ್ದೆ ಮಾಡುತ್ತಿದ್ದೆ, ಕೊನೆಗೆ ಅಲ್ಲೇ ಸಿಮೆಂಟ್ ಹಾಕಿ ಮುಚ್ಚಿದೆವು. ಅದರ ಕಾಗದ ಪತ್ರ ಮುಗಿಯಲು 4 ತಿಂಗಳು.

ಲಿನಾಕ್: ದಂಡ ಅಂತ ನೀವು ಹೇಗೆ ಹೇಳ್ತೀರಿ? ನಾನು ಹಾಕಿದ ಲೆಕ್ಕ ತಪ್ಪಿದರೆ ಒಬ್ಬ ಮನುಷ್ಯನಿಗೆ ಏಟು ಬೀಳುತ್ತದೆ. ಓದದೆ ಅಲ್ಲಿ ಕೈ ಹಾಕಬಾರದು ರೀ.

ಎಫ್18: ಇಬ್ಬರೂ ಸೈಕ್ಲೋಟ್ರಾನ್ ಮರೆತಿರಿ, ಆಸ್ಪತ್ರೆಯ ಸ್ಕ್ಯಾನ್‌ಗೆ ವಿಕಿರಣ ವಸ್ತು ತಯಾರಿಸುವ ಯಂತ್ರ. ನಾನು ತಯಾರಿಸುವ ಫ್ಲೋರಿನ್-18ರ ಅರ್ಧಾಯು 110 ನಿಮಿಷ, ಅಷ್ಟರಲ್ಲಿ ಅರ್ಧ ಖಾಲಿ. ಬೆಳಗಿನ ಸ್ಕ್ಯಾನ್‌ಗೆ ತಲುಪಬೇಕು ಅಂದರೆ ನಾನು ರಾತ್ರಿ 2 ಗಂಟೆಗೆ ಏಳಬೇಕು. ಕಳೆದ ತಿಂಗಳು ಟಾರ್ಗೆಟ್ ಫಾಯಿಲ್ ಒಡೆದು ಫ್ಲೋರಿನ್ ಮಾಡಲು ಬಳಸುವ ಆಮ್ಲಜನಕ-18ರ ನೀರೆಲ್ಲ ಹೋಯಿತು, ಬೆಳಿಗ್ಗೆ 9 ರೋಗಿಗಳನ್ನು ವಾಪಸ್ ಕಳಿಸಿದರು. ಇವತ್ತಿಗೂ ಬೇಜಾರು. ಆದರೆ ಸೇಫ್ ಕೆಲಸ, ವಿಕಿರಣ ಅಳೆಯುವ ಎದೆಯ ಬ್ಯಾಡ್ಜ್‌ನಲ್ಲಿ ಡೋಸ್ ಜಾಸ್ತಿ ಏನೂ ಬರುವುದಿಲ್ಲ.

ಬಾವಿಕೆಲಸ: ಎದೆಯ ಬ್ಯಾಡ್ಜ್ ಯಾಕೆ ಹೇಳ್ತೀರಿ? ಜಾಸ್ತಿ ಬೀಳುವುದು ಕೈಗೆ, ಬೆರಳಿನ ರಿಂಗ್ ಬ್ಯಾಡ್ಜ್ ಎಷ್ಟು ತೋರಿಸುತ್ತದೆ ಹೇಳಿ.

ಎಫ್18: ಕೈಗೆ ವರ್ಷದ ಮಿತಿ 500 ಮಿಲಿಸೀವರ್ಟ್. ನಾನು ಅದರ ಹತ್ತಿರವೂ ಹೋಗಿಲ್ಲ. ಬಾವಿಯಲ್ಲಿ ಸೋರ್ಸ್ ಬಿಟ್ಟು ಬಂದವರು ನನಗೆ ಪಾಠ ಹೇಳಬೇಡಿ.

ಬಾವಿಕೆಲಸ: ಬಿಟ್ಟು ಬಂದಿಲ್ಲ, ನಿಯಮದ ಪ್ರಕಾರ ಮುಚ್ಚಿ ಬಂದಿದ್ದೇವೆ. ಎರಡಕ್ಕೂ ವ್ಯತ್ಯಾಸ ಗೊತ್ತಾ?

ಬಿಟ್‌ಫ್ಲಿಪ್: ಕೋರ್‌ಲೆಕ್ಕ ಅವರೇ, ನಾನು ಉಪಗ್ರಹದ ಎಲೆಕ್ಟ್ರಾನಿಕ್ಸ್ ಕಡೆ ಬಂದೆ. ಒಂದು ಕಣ ಬಡಿದರೆ ಮೆಮೊರಿಯ ಬಿಟ್ ತಿರುಗುತ್ತದೆ ಅಲ್ವಾ, ಅದರ ಲೆಕ್ಕ. ಡಿಗ್ರಿ ಕೇಳಲಿಲ್ಲ. ಕಣಗಳ ಲೆಕ್ಕದ ಜಿಯಾಂಟ್4 ಸಾಫ್ಟ್‌ವೇರ್ ಮಾತ್ರ 5 ತಿಂಗಳು ರಾತ್ರಿ ಕೂತು ಕಲಿತೆ, ಅದಕ್ಕೆ ಬೇಕಾದ ಪ್ರೋಗ್ರಾಮಿಂಗ್ ಭಾಷೆ ಸಿ++ ಬರದೆ ಎರಡು ಇಂಟರ್‌ವ್ಯೂ ಕಳೆದುಕೊಂಡೆ.

ಕೋರ್‌ಲೆಕ್ಕ: ಇದು ನನಗೆ ಆಗಬಹುದು. ಸಿ++ ಎಷ್ಟರ ಮಟ್ಟಿಗೆ ಬರಬೇಕು?

ಲಿನಾಕ್: ಆಸ್ಪತ್ರೆಗೆ ಬಂದರೆ ಸಿ++ ಬೇಕಾಗಿಲ್ಲ.

ಎಫ್18: ಅವರು ಓದಲು ಆಗಲ್ಲ ಅಂತ ಮೊದಲೇ ಹೇಳಿದ್ದಾರಲ್ಲ, ನೀವು ಪ್ರಶ್ನೆ ಓದಿದ್ರಾ?